ಪಟ್ಟು ಕಲಿತವರ ಪಾಡು

ಚಂದ್ರಂಪಳ್ಳಿ ಕೆರೆಕಟ್ಟೆ ಮೇಲೆ ಗಾಳಿಗೆ ಕೂತರೆ ಹೊಡೆದಾಟದ ತತ್ವಜ್ಞಾನ ತಾನಾಗಿಯೇ ಬರುತ್ತದೆ. ಎದುರಾಳಿ ಇಲ್ಲದ ಕಡೆ ಎಲ್ಲರೂ ಪೈಲ್ವಾನರೇ.

ನಮ್ಮ ಕಡೆ ಜಾತ್ರೆ ಕುಸ್ತಿಗೆ ಒಂದು ಮರ್ಯಾದೆ ಉಂಟು. ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕುಸ್ತಿಗೆ ಮುಗಿಯುತ್ತದೆ. ಬೆನ್ನು ಮಣ್ಣಿಗೆ ತಾಗಿತೋ, ಚಿತ್! ಅಲ್ಲಿಗೆ ಖತಂ. ಆಮೇಲೆ ಗೆದ್ದವನೇ ಸೋತವನನ್ನು ಕೈಹಿಡಿದು ಎಬ್ಬಿಸುತ್ತಾನೆ. ಅತ್ತ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ದರ್ಜೆವಾರು ವಿಂಗಡಿಸಿ, ಅವರ ಊಟ, ತಾಲೀಮು ಎಲ್ಲ ಬರೆದಿಟ್ಟ. ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದವರ ಜೊತೆ ಹೇಗೆ ಸೆಣಸಬೇಕೆಂದು ಮಾತ್ರ ಬರೆಯಲಿಲ್ಲ. ಪಲ್ಲಕ್ಕಿಯಲ್ಲಿ ಹೋಗುವವರಿಗೆ ಈ ತ್ರಾಸು ಏನು ಗೊತ್ತು?

ಬಸ್ಸಿನ ಗದ್ದಲದಲ್ಲಿ ಧೋಬಿ ಪಛಾಡ್ ಪಟ್ಟು ನಡೆಯುವುದಿಲ್ಲ, ಬಗ್ಗಲಿಕ್ಕೆ ಜಾಗ ಬೇಕಲ್ಲ! ಮೊನ್ನೆ ಸೇಡಂ ಬಸ್ಸಿನಲ್ಲಿ ಕಡಗದ ಪೈಲ್ವಾನನೊಬ್ಬ ಟವೆಲ್ ಒಗೆದ ಅಜ್ಜಿಯ ಜೊತೆ ವಾದಕ್ಕೆ ನಿಂತ. “ಯಾಕೋ ತಮ್ಮಾ, ನಿಮ್ಮವ್ವಗೂ ಹಿಂಗೇ ಎಬ್ಬಸ್ತಿ ಏನ್?” ಎಂದಳು ಆಕೆ. ಕಡಗದ ಕೈ ಮೇಲೆದ್ದಿತು, ಕಂಬಿ ಹಿಡಿಯಲಿಕ್ಕೆ. ಚಿಂಚೋಳಿ ತನಕ ನಿಂತೇ ಬಂದ, ಅಜ್ಜಿಯ ತೊಗರಿ ಚೀಲ ಕಾಲಸಂದಿಯಲ್ಲಿಟ್ಟುಕೊಂಡು.