ಜವಾರಿ ಗಾಂಜಾಕ್ಕೆ ಜಾಮೀನಿಲ್ಲ

ಹೈಬ್ರಿಡ್ ಗಾಂಜಾಕ್ಕಿರುವಷ್ಟು ಬಿರುದುಗಳು ವಿಜಯನಗರದ ಅರಸರಿಗೂ ಇದ್ದಿರಲಿಕ್ಕಿಲ್ಲ. ವೈಟ್ ವಿಡೋ, ನಾರ್ದರ್ನ್ ಲೈಟ್ಸ್, ಗರ್ಲ್ ಸ್ಕೌಟ್ ಕುಕೀಸ್, ವೆಡ್ಡಿಂಗ್ ಕೇಕ್, ಗೊರಿಲ್ಲಾ ಗ್ಲೂ. ಓದುತ್ತಾ ಹೋದರೆ ಬೇಕರಿಯ ದರಪಟ್ಟಿಯೋ ಹಾರ್ಡ್‌ವೇರ್ ಅಂಗಡಿಯ ಬಿಲ್ಲೋ ತಿಳಿಯದು. ಕೊನೆಯ ಹೆಸರನ್ನು ಕಂಡು ಅಮೆರಿಕದ ಅಸಲಿ ಗೋಂದು ಕಂಪನಿಯೇ 2017ರಲ್ಲಿ ಕೋರ್ಟ್ ಮೆಟ್ಟಿಲು ಹತ್ತಿತು. ಗಾಂಜಾದವರು ತೆಪ್ಪಗೆ ‘ಜಿಜಿ4’ ಎಂದು ಮರುನಾಮಕರಣ ಮಾಡಿಕೊಂಡರು. ನಮ್ಮ ಜವಾರಿ ಗಾಂಜಾಕ್ಕೆ ಇಂಥ ತಾಪತ್ರಯವಿಲ್ಲ. ಬೆಳೆದವನು ಅದನ್ನು ಸೊಪ್ಪು ಅನ್ನುತ್ತಾನೆ, ಸೇದುವವನೂ ಸೊಪ್ಪು ಅನ್ನುತ್ತಾನೆ, ಪೊಲೀಸರು ಮಾಲು ಅನ್ನುತ್ತಾರೆ.

ಬಿರುದು ಬಂದ ಮೇಲೆ ವಂಶಾವಳಿಯೂ ಬರಬೇಕಲ್ಲ. ಪ್ರತಿ ಪೊಟ್ಟಣದ ಮೇಲೂ ಗೋತ್ರ-ಪ್ರವರ: ಎಪ್ಪತ್ತು ಪಾಲು ಇಂಡಿಕಾ, ಮೂವತ್ತು ಪಾಲು ಸಟೈವಾ. 2015ರಲ್ಲಿ ಕೆನಡಾದ ಸಂಶೋಧಕರು ಈ ಪ್ರವರಗಳನ್ನು ಡಿಎನ್‌ಎ ಜೊತೆ ತಾಳೆ ಹಾಕಿದರು. ನೂರಕ್ಕೆ ನೂರು ಸಟೈವಾ ಎಂದು ಹೇಳಿಕೊಂಡಿದ್ದ ಜಮೈಕಾದ ‘ಲ್ಯಾಂಬ್ಸ್ ಬ್ರೆಡ್’ ಮಾದರಿಯೂ ನೂರಕ್ಕೆ ನೂರು ಇಂಡಿಕಾ ಎಂದುಕೊಂಡಿದ್ದ ಅಫ್ಘಾನಿಸ್ತಾನದ ತಳಿಯೊಂದೂ ಹೆಚ್ಚುಕಡಿಮೆ ಒಂದೇ ಆಗಿ ಕಂಡವು. ಜಾತಕ ನೋಡುವಾಗ ವಧೂವರರು ಒಂದೇ ಹೊಟ್ಟೆಯವರೆಂದು ಗೊತ್ತಾದರೆ ಪುರೋಹಿತರು ಪಂಚಾಂಗ ಮಡಚಿ ಎದ್ದಾರು. ಇಲ್ಲಿ ಅಂಗಡಿಯವರು ಫಲಕವನ್ನೂ ಬದಲಿಸಲಿಲ್ಲ.

ಹೈಬ್ರಿಡ್ ಎಂದರೇನೆಂದು ಧಾರವಾಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1972ರಲ್ಲಿ ಅಲ್ಲಿ ತಳಿವಿಜ್ಞಾನಿ ಕಾಟರ್ಕಿಯವರು ವರಲಕ್ಷ್ಮಿ ಹತ್ತಿಯನ್ನು ಹೊರತಂದಾಗ ಅದರ ಹೆತ್ತವರು ಲಕ್ಷ್ಮಿ ಮತ್ತು ಎಸ್‌ಬಿ 289 ಇ ಎಂದು ಕಾಗದದಲ್ಲಿ ಬರೆದಿಟ್ಟಿದ್ದರು. ಗಾಂಜಾದ ಹೈಬ್ರಿಡ್ಡುಗಳು ಹುಟ್ಟಿದ್ದು ನೆಲಮಾಳಿಗೆಗಳಲ್ಲಿ, ಪೊಲೀಸರ ಕಣ್ಣು ತಪ್ಪಿಸಿ. ತಂದೆಯ ಹೆಸರು ಬರೆದಿಟ್ಟರೆ ಅದೇ ಸಾಕ್ಷ್ಯವಾದೀತೆಂಬ ಭಯ ಬೇರೆ. ಹಾಗಾಗಿ ಇವುಗಳಲ್ಲಿ ಬಹುಪಾಲು ಹೈಬ್ರಿಡ್ಡಿನ ಹೈಬ್ರಿಡ್ಡಿನ ಹೈಬ್ರಿಡ್ಡು. ಹತ್ತು ಬೀಜ ಬಿತ್ತಿದರೆ ಹತ್ತು ಸ್ವಭಾವದ ಗಿಡ ಏಳುತ್ತವೆ. ಆ ಗೋಜೇ ಬೇಡವೆಂದು ಒಂದು ತಾಯಿಗಿಡದ ಕಡ್ಡಿ ಮುರಿದು ಮುರಿದು ನೆಟ್ಟು, ಸಾವಿರ ಗಿಡವನ್ನು ಒಂದೇ ಅಚ್ಚಿನಲ್ಲಿ ಇಳಿಸುತ್ತಾರೆ. ಕಡ್ಡಿಯ ಜೊತೆಗೆ ಹಾಪ್ ಲೇಟೆಂಟ್ ವೈರಾಯ್ಡ್ ಎಂಬ ರೋಗವೂ ಕ್ಯಾಲಿಫೋರ್ನಿಯಾದ ಬೆಳೆಮನೆಗಳನ್ನೆಲ್ಲ ಸುತ್ತಿತು. ಒಂದೇ ಅಚ್ಚಿನ ಸಾವಿರ ಗಿಡಕ್ಕೆ ಒಂದೇ ಕಾಯಿಲೆ ಸಾಕು.

ವಂಶಾವಳಿಯನ್ನು ಇನ್ನಷ್ಟು ಕೆದಕಿದರೆ ನಮ್ಮ ನೆಂಟರೇ ಸಿಗುತ್ತಾರೆ. 1995ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕ್ಯಾನಬಿಸ್ ಕಪ್ ಎಂಬ ಗಾಂಜಾ ಸ್ಪರ್ಧೆ ಗೆದ್ದ ವೈಟ್ ವಿಡೋ ತಳಿಯ ಒಂದು ಕಡೆಯ ರಕ್ತ ಬ್ರೆಜಿಲಿನದು, ಇನ್ನೊಂದು ಕಡೆಯದು ‘ಸೌತ್ ಇಂಡಿಯನ್’. ಕ್ಯಾಲಿಫೋರ್ನಿಯಾದ ಹೇಜ್ ತಳಿಯ ಹಿರಿಯರ ಪಟ್ಟಿಯಲ್ಲೂ ಕೊಲಂಬಿಯಾ, ಮೆಕ್ಸಿಕೊ, ಥಾಯ್ಲೆಂಡ್‌ಗಳ ಪಕ್ಕ ಅದೇ ಸೌತ್ ಇಂಡಿಯನ್. ಯಾವ ಊರು, ಯಾವ ಬೆಟ್ಟ, ಯಾರ ಹೊಲ? ದೆಹಲಿಯವರಿಗೆ ನಾವೆಲ್ಲ ಮದ್ರಾಸಿಗಳಾಗಿದ್ದಂತೆ ಆಮ್‌ಸ್ಟರ್‌ಡ್ಯಾಮಿನವರಿಗೆ ಇಡೀ ಪಶ್ಚಿಮಘಟ್ಟ ಒಂದೇ ಬೀಜದ ಚೀಲ. ಗೆದ್ದ ಕಪ್ಪನ್ನು ಕಪಾಟಿನಲ್ಲಿಟ್ಟುಕೊಂಡವರು ಸಂವರ್ಧಕರು. ನೂರಾರು ಮಳೆಗಾಲಗಳಲ್ಲಿ ಕೊಳೆಯುವ ಗಿಡ ಕಿತ್ತೆಸೆದು, ತಾಳಿಕೊಂಡ ಗಿಡದ ಬೀಜ ಎತ್ತಿಟ್ಟವನು ಆರೋಪಿ ನಂಬರ್ ಒಂದು.

ಇಲ್ಲಿಯವರು ಬರಿದೇ ಬಿತ್ತಿ ಕುಳಿತಿದ್ದರೆಂದು ತಿಳಿಯಬೇಡಿ. ಗಂಡುಗಿಡವನ್ನು ಪರಾಗ ಉದುರುವ ಮೊದಲೇ ಕಿತ್ತುಹಾಕಿ, ಬೀಜ ಕಟ್ಟದ ಹೆಣ್ಣು ಹೂವನ್ನು ಬೆಳೆಯುವುದನ್ನು ಅಮೆರಿಕದವರು ‘ಸಿನ್ಸೆಮಿಯಾ’ ಎಂಬ ಸ್ಪ್ಯಾನಿಷ್ ಹೆಸರಿನಲ್ಲಿ ಎಪ್ಪತ್ತರ ದಶಕದ ಮಹಾ ಆವಿಷ್ಕಾರದಂತೆ ಮಾರಿದರು. ಬಂಗಾಳದ ನೌಗಾಂವ್‌ನಲ್ಲಿ ಇದೇ ಕೆಲಸಕ್ಕೆ ‘ಪೋದ್ದಾರ್’ ಎಂಬ ಕಸುಬುದಾರನಿದ್ದ; ಬ್ರಿಟಿಷರು ಅವನನ್ನು ಗಾಂಜಾ ಡಾಕ್ಟರ್ ಎಂದು ಕರೆದರು. ಹೊಲದಲ್ಲಿ ನಡೆಯುತ್ತಾ ಗಂಡುಗಿಡ ಗುರುತಿಸಿ ಮುರಿಯುವುದು, ಕೂಲಿ ಎಣಿಸಿಕೊಂಡು ಮುಂದಿನ ಹೊಲಕ್ಕೆ ಹೋಗುವುದು, ಇಷ್ಟೇ ಅವನ ವೈದ್ಯವೃತ್ತಿ. 1893-94ರ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಸಂಪುಟಗಟ್ಟಲೆ ಬರೆದು, ಪೂರ್ತಿ ನಿಷೇಧ ಬೇಕಿಲ್ಲ ಎಂದಿತು. ಆ ಸಂಪುಟಗಳನ್ನು ನಾವು ಭದ್ರವಾಗಿ ಗೆದ್ದಲಿಗೆ ಒಪ್ಪಿಸಿ, 1985ರಲ್ಲಿ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆ ತಂದುಕೊಂಡೆವು.

ಈಗಿನ ಡಾಕ್ಟರು ಇನ್ನೂ ಮುಂದುವರಿದಿದ್ದಾನೆ. ಹೆಣ್ಣುಗಿಡಕ್ಕೆ ಬೆಳ್ಳಿಯ ದ್ರಾವಣ ಸಿಂಪಡಿಸಿ ಅದರಲ್ಲೇ ಗಂಡುಹೂ ಬಿಡಿಸುತ್ತಾನೆ, ಆ ಪರಾಗದಿಂದ ಹೆಣ್ಣುಗಿಡಗಳೇ ಹುಟ್ಟುವ ಬೀಜ ಮಾಡಿ ದುಬಾರಿ ಬೆಲೆಗೆ ಮಾರುತ್ತಾನೆ. ಹೆಣ್ಣು ಹುಟ್ಟಲೆಂದು ಜಗತ್ತು ದುಡ್ಡು ಸುರಿಯುವ ಅಪರೂಪದ ವ್ಯವಹಾರಗಳಲ್ಲಿ ಇದೂ ಒಂದು.

ಇಷ್ಟೆಲ್ಲ ಕಸರತ್ತು ಟಿಎಚ್‌ಸಿ ಎಂಬ ಅಮಲಿನ ಅಂಶದ ಒಂದು ಅಂಕಿಗಾಗಿ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಅದು ಸುಮಾರು ಶೇ. 4 ಇತ್ತು, 2014ಕ್ಕೆ ಶೇ. 12ರ ಹತ್ತಿರ ಬಂತು. ಟಿಎಚ್‌ಸಿ ಹೆಚ್ಚಿಸುವ ಭರದಲ್ಲಿ ಸಿಬಿಡಿ ಎಂಬ ಅಮಲಿಲ್ಲದ ಅಂಶ ತಳಿಗಳಿಂದ ಹೆಚ್ಚುಕಡಿಮೆ ಅಳಿಸಿಯೇ ಹೋಯಿತು. ಆಮೇಲೆ ಆ ಸಿಬಿಡಿಯೇ ಮಕ್ಕಳ ಕೆಲವು ಬಗೆಯ ಅಪಸ್ಮಾರಕ್ಕೆ ಮದ್ದೆಂದು ಗೊತ್ತಾಗಿ, 2018ರಲ್ಲಿ ಎಪಿಡಿಯೋಲೆಕ್ಸ್ ಎಂಬ ಔಷಧಕ್ಕೆ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಾಗ, ಸಿಬಿಡಿ ತುಂಬಿದ ಹೊಸ ತಳಿಗಳನ್ನು ಕಟ್ಟಲು ಎಲ್ಲರೂ ಎದ್ದುಬಿದ್ದು ಓಡಿದರು. ಚರಸ್ ತೆಗೆಯುವ ಹಳೆಯ ಸೀಮೆಗಳ ಗಿಡಗಳಲ್ಲಿ ಎರಡೂ ಒಟ್ಟಿಗೇ ಇದ್ದವು. ಅದನ್ನು ಆಗ ಕಳಪೆ ಗುಣಮಟ್ಟ ಎನ್ನಲಾಗುತ್ತಿತ್ತು.

ಮೊರಾಕ್ಕೊದ ರೀಫ್ ಬೆಟ್ಟಗಳಿಗೆ ಹೋದರೆ ಇದೇ ಕತೆ ನೀರಿನಲ್ಲಿ ಬರೆದಿದೆ. ಅಲ್ಲಿನ ಜವಾರಿ ತಳಿ ‘ಬೆಲ್ದಿಯಾ’, ಚಳಿಗಾಲದ ಕೊನೆಗೆ ಬಿತ್ತಿದರೆ ಮಳೆಯಲ್ಲೇ ಬೆಳೆದು ಮುಗಿಯುತ್ತದೆ. ‘ಖರ್ದಾಲಾ’, ‘ಕ್ರಿಟಿಕಲ್’ ಎಂಬ ಹೈಬ್ರಿಡ್ಡುಗಳು ಬಂದವು; ಅಂಟು ಜಾಸ್ತಿ, ಅಮಲು ಜಾಸ್ತಿ, ಬಾಯಾರಿಕೆಯೂ ಜಾಸ್ತಿ. ಬೇಸಿಗೆ ಪೂರ್ತಿ ಕುಡಿದು ಕುಡಿದು ಬಾವಿಗಳ ತಳ ಕಾಣಿಸಿದವು. 2021ರಲ್ಲಿ ಔಷಧ ಮತ್ತು ಕೈಗಾರಿಕೆಗೆಂದು ಬೆಳೆಯಲು ಕಾನೂನು ಬಂದಾಗ ಮೊದಲು ಪರವಾನಗಿ ಸಿಕ್ಕಿದ್ದು ಹೊರಗಿನಿಂದ ತಂದ ಬೀಜಕ್ಕೆ. ತಲೆಮಾರುಗಳಿಂದ ಅದೇ ಮಣ್ಣಿನಲ್ಲಿದ್ದ ಬೆಲ್ದಿಯಾ ತನ್ನ ಮನೆಯಲ್ಲಿ ತಾನೇ ಇರಲು ಅಪ್ಪಣೆ ಪಡೆದದ್ದು 2024ರಲ್ಲಿ.

ನಗುವ ಮುನ್ನ ಉತ್ತರಾಖಂಡ ನೋಡಿ. ಕುಮಾವು, ಗಢವಾಲದ ಜನ ಭಾಂಗ್ ಗಿಡದ ನಾರಿನಿಂದ ಹಗ್ಗ ಹೊಸೆಯುತ್ತಾರೆ, ಬೀಜ ಹುರಿದು ಚಟ್ನಿ ಅರೆಯುತ್ತಾರೆ. 2018ರಲ್ಲಿ ದೇಶದಲ್ಲೇ ಮೊದಲಿಗೆ ಕೈಗಾರಿಕಾ ಹೆಂಪ್, ಅಂದರೆ ನಾರು-ಬೀಜಕ್ಕೆಂದು ಇದೇ ಗಿಡ, ಬೆಳೆಯಲು ಪರವಾನಗಿ ಕೊಟ್ಟ ರಾಜ್ಯ ಅದು. ಮುಖ್ಯ ಷರತ್ತು: ಟಿಎಚ್‌ಸಿ ಶೇ. 0.3 ಮೀರಬಾರದು. ಮೀರಿದರೆ ಚಟ್ನಿಯ ಗಿಡವೂ ಗಾಂಜಾ. ಈ 0.3 ಯಾವ ಋಷಿ ಕಂಡ ಮಂತ್ರ? ಕೆನಡಾದ ಸಸ್ಯವಿಜ್ಞಾನಿ ಅರ್ನೆಸ್ಟ್ ಸ್ಮಾಲ್ 1976ರಲ್ಲಿ ಕ್ರಾನ್‌ಕ್ವಿಸ್ಟ್ ಜೊತೆ ಸೇರಿ ಗಿಡಗಳನ್ನು ವಿಂಗಡಿಸಲು ಎಳೆದ ಗೆರೆ ಅದು, ಎಲ್ಲೋ ಒಂದು ಕಡೆ ಎಳೆಯಬೇಕಲ್ಲ ಎಂದು ಎಳೆದದ್ದು. ಅದೇ ಗೆರೆ ಅಮೆರಿಕದ ಕಾನೂನಾಗಿ, ಹಿಮಾಲಯದ ರೈತನ ಬದುವಾಗಿ ಬಂದು ಕೂತಿದೆ. ಲಕ್ಷ್ಮಣ ಕೂಡ ಒಂದು ಪರ್ಣಕುಟಿಗಷ್ಟೇ ಗೆರೆ ಎಳೆದಿದ್ದ.

ಬೆಟ್ಟದ ಜವಾರಿ ಗಿಡಕ್ಕೆ ದಶಾಂಶ ಓದಲು ಬಾರದು. ಅದರಲ್ಲಿ ಟಿಎಚ್‌ಸಿ ಬಹುಮಟ್ಟಿಗೆ ಗೆರೆ ದಾಟಿಯೇ ಇರುತ್ತದೆ. ಹಾಗಾದರೆ ಯುರೋಪಿನ ಪ್ರಮಾಣಪತ್ರವಿರುವ ಬೀಜ ತರಿಸಿ ಎನ್ನುತ್ತಾರೆ ಸಲಹೆಗಾರರು. ಉತ್ತರದ ದೀರ್ಘ ಹಗಲಿಗೆ ಒಗ್ಗಿದ ಆ ಗಿಡ ಇಲ್ಲಿಯ ಹಗಲು ಕಂಡು ಹೇಮಂತವೇ ಬಂತೆಂದು ಗಾಬರಿಬಿದ್ದು, ಬೆಳೆಯುವ ಮೊದಲೇ ಹೂ ಬಿಟ್ಟುಬಿಡುತ್ತದೆ. ನಾರಿಗೆಂದು ಬೆಳೆದವನ ಕೈಗೆ ಗಿಡ್ಡ ಕಡ್ಡಿ. ಕಾನೂನು ಮಾತ್ರ ಪೂರ್ತಿ ಪಾಲನೆಯಾಗಿರುತ್ತದೆ.

ಹೆಂಪಿನ ರೈತನ ಮುಂದೆ ದಶಾಂಶ ಹಿಡಿದು ನಿಲ್ಲುವ ಕಾನೂನು ಗಾಂಜಾದ ಮುಂದೆ ತಕ್ಕಡಿ ಹಿಡಿದು ನಿಲ್ಲುತ್ತದೆ. ಒಂದು ಕಿಲೋ ತನಕ ಅಲ್ಪ, ಇಪ್ಪತ್ತು ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಅಲ್ಲಿಂದಾಚೆ ಎನ್‌ಡಿಪಿಎಸ್ ಕಾಯ್ದೆಯ 37ನೇ ಕಲಮು ಜಾಮೀನಿನ ಬಾಗಿಲಿಗೆ ಅಗಳಿ ಹಾಕುತ್ತದೆ. ಅಮಲೆಷ್ಟಿದೆ ಎಂಬ ಪ್ರಶ್ನೆಯೇ ಇಲ್ಲ. 2022ರಲ್ಲಿ ಥಾಯ್ಲೆಂಡ್ ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆದ ಮೇಲೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನ ಸೂಟ್‌ಕೇಸುಗಳಿಂದ ಹೈಡ್ರೋ ಗಾಂಜಾ ಇಳಿಯುತ್ತಿದೆ. ಮಣ್ಣು ಮುಟ್ಟದೆ, ಹವಾನಿಯಂತ್ರಿತ ಕೋಣೆಯಲ್ಲಿ ಬೆಳೆದ ಘಾಟು ಮಾಲು. ಅಂಥದ್ದು ಹದಿನೆಂಟು ಕಿಲೋ ಇದ್ದರೆ ವಾಣಿಜ್ಯ ಪ್ರಮಾಣದ ಕೆಳಗೆ. ಕಬ್ಬಿನ ಸಾಲಿನ ನಡುವೆ ಭಂಗಿ ಬೆಳೆದವನ ಗಿಡಗಳನ್ನು ಎಲೆ, ಕಾಂಡ, ಬೇರು ಸಮೇತ ತೂಗಿದರೆ ಇಪ್ಪತ್ತು ಕಿಲೋ ಮುಟ್ಟಲು ಎಷ್ಟು ಹೊತ್ತು? ಹೂತೆನೆ ಮಾತ್ರ ಗಾಂಜಾ ಎಂದು ಕಾಯ್ದೆಯೇ ಹೇಳುತ್ತದೆ, ಸ್ವಾಮಿ, ಎಂದು ವಕೀಲರು ನ್ಯಾಯಾಲಯದಲ್ಲಿ ವಾದಿಸುವ ಹೊತ್ತಿಗೆ ಕಕ್ಷಿದಾರ ಜೈಲಿನ ಮುದ್ದೆಗೆ ಒಗ್ಗಿರುತ್ತಾನೆ.

ಮತ್ತೆ ಬೆಟ್ಟಕ್ಕೆ ಬರೋಣ. ಪರವಾನಗಿ ಪಡೆದ ರೈತ ಪ್ರಮಾಣಪತ್ರದ ಬೀಜವನ್ನೇ ಬಿತ್ತಿದನೆನ್ನಿ. ಸುತ್ತ ರಸ್ತೆ ಬದಿ, ಬಚ್ಚಲ ಹಿಂದೆ, ದನದ ಕೊಟ್ಟಿಗೆಯ ಪಕ್ಕ ಕಾಡುಭಾಂಗ್ ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ನಿಂತಿರುತ್ತದೆ. ಇದು ಗಾಳಿಯಲ್ಲಿ ಪರಾಗಸ್ಪರ್ಶವಾಗುವ ಗಿಡ; ಪರಾಗ ಮೈಲುಗಟ್ಟಲೆ ತೇಲುತ್ತದೆ. ಈ ವರ್ಷ 0.3ರ ಒಳಗಿದ್ದ ಹೊಲದ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೆ ಗೆರೆ ದಾಟುವ ಸಂಭವ ಹೆಚ್ಚು, ದಾಟಿದರೆ ರೈತ ಅಪರಾಧಿ. ಆದ್ದರಿಂದ ಪ್ರತಿ ವರ್ಷ ಹೊಸ ಬೀಜ ಕೊಳ್ಳುವುದೇ ಕ್ಷೇಮ. ಬೀಜ ಕಂಪನಿಗಳು ಹರಕೆ ಹೊತ್ತರೂ ಇಷ್ಟು ಅನುಕೂಲದ ಕಾನೂನು ಸಿಗುತ್ತಿರಲಿಲ್ಲ. ಅರ್ಜಿ ನಮೂನೆಯಲ್ಲಿ ಒಂದು ಕಾಲಂ ಮಾತ್ರ ಬಾಕಿ ಉಳಿದಿದೆ: ಗಾಳಿಯ ಆಧಾರ್ ಸಂಖ್ಯೆ.