ಮೇಲಿನ ಟ್ಯಾಂಕು, ಕೆಳಗಿನ ಸಂಪು

ಜಮಖಾನಾನಾ ಅಕ್ಕಾ? ಮುಟ್ಟಿ ನೋಡಿ, ಏನೂ ಆಗಲ್ಲ. ಬೆಳ್ಳಗೆ ಪುಡಿ ಉದುರುತ್ತಲ್ಲ, ಅದು ಸೋಪಲ್ಲ, ಉಪ್ಪು. ಮೂರು ನೀರಲ್ಲಿ ಜಾಲಿಸಿದೆ, ಇನ್ನೂ ಬಿಡ್ತಿಲ್ಲ. ನಮ್ಮತ್ತೆ ಕಾಲದ ನವಲಗುಂದದ ಜಮಖಾನ. ಮೊನ್ನೆ ರಾತ್ರಿ ಅದರ ಮೇಲೆ ಹೆಚ್ಚುಕಮ್ಮಿ ಮೂವತ್ತೈದು ಲೀಟರ್ ಸಮುದ್ರ ಹರಿದುಬಿಡ್ತು.

ನಗಿ, ನಗಿ. ಬೆಂಗಳೂರಿಗೆ ಸಮುದ್ರ ಎಲ್ಲಿಂದ ಬಂತು ಅಂತೀರಾ? ನಾನೇ ಬಕೆಟ್ಟಲ್ಲಿ ಕಲಸಿದ್ದು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಸಾರಿಗೆ ಹಾಕೋ ಉಪ್ಪಲ್ಲ, ಕ್ಯಾಲ್ಸಿಯಂ ಮೆಗ್ನೀಷಿಯಂ ಎಲ್ಲ ಸೇರಿಸಿ ಮೀನಿಗೇ ಅಂತ ಮಾಡಿದ್ದು ಬರುತ್ತೆ. ಅದರ ರೇಟು ನಮ್ಮನೆಯವರಿಗೆ ಹೇಳಿಲ್ಲ, ನೀವೂ ಬಾಯಿ ಬಿಡಬೇಡಿ.

ಆ ರಾತ್ರಿ ಗರ್ರ್ ಅಂತ ಏನೋ ಸದ್ದು ಬಂತು ಅಂದ್ರಲ್ಲ, ಅದೂ ಇದರದ್ದೇ ಕಥೆ. ನಿಮಗೆ ಹೊತ್ತಿದೆಯಾ? ಮೋಟಾರು ಹಾಕಿ ಬಂದ್ರಾ? ಸರಿ ಹಾಗಾದ್ರೆ, ತುಂಬೋವರೆಗೆ ಇಲ್ಲೇ ನಿಂತಿರಿ.

ನಿಮ್ಮನೇಲಿ ಕಾವೇರಿ ನೀರು ಸಂಪಿಗೆ ಬೀಳುತ್ತೆ, ಮೋಟಾರು ಅದನ್ನ ಮೇಲಿನ ಟ್ಯಾಂಕಿಗೆ ಎತ್ತುತ್ತೆ, ಅಲ್ಲಿಂದ ತಾನೇ ನಲ್ಲಿಗೆ ಇಳಿಯುತ್ತೆ. ನಮ್ಮ ಮೀನಿನ ಸಂಸಾರವೂ ಹಾಗೇ. ಮೇಲೆ ಗಾಜಿನ ತೊಟ್ಟಿ, ಕೆಳಗೆ ಸ್ಟ್ಯಾಂಡಿನ ಬೀರು ಒಳಗೆ ಇನ್ನೊಂದು ತೊಟ್ಟಿ. ಅದಕ್ಕೂ ಸಂಪು ಅಂತಾನೇ ಹೆಸರು. ಮೇಲಿನ ನೀರು ಅಂಚು ಮೀರಿ ಪೈಪಿನಲ್ಲಿ ಕೆಳಗಿಳಿಯುತ್ತೆ, ಅಲ್ಲಿ ಸೋಸಿಕೊಳ್ಳುತ್ತೆ, ಕೊನೇ ಅಂಕಣದಲ್ಲಿ ಕೂತಿರೋ ಪಂಪು ವಾಪಸ್ ಮೇಲಕ್ಕೆ ಕಳಿಸುತ್ತೆ. ಅದಕ್ಕೇ ರಿಟರ್ನ್ ಪಂಪು ಅನ್ನೋದು. ನಿಮ್ಮದು ದಿನಕ್ಕೆ ಅರ್ಧ ಗಂಟೆ ದುಡಿಯುತ್ತೆ, ಇದಕ್ಕೆ ಭಾನುವಾರವೂ ಇಲ್ಲ. 30 ವಾಟಿನದು ಅಂದ್ರೂ ತಿಂಗಳಿಗೆ ಇಪ್ಪತ್ತೊಂದೂವರೆ ಯೂನಿಟ್ ಆಯ್ತು.

ಮೊದಲು ತಂದ ಪಂಪಿನ ಡಬ್ಬಿ ಮೇಲೆ ಗಂಟೆಗೆ 1500 ಲೀಟರ್ ಅಂತ ದಪ್ಪಗೆ ಬರೆದಿತ್ತು. ನಮ್ಮ ತೊಟ್ಟಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ತುಂಬಿದ್ರೆ 255 ಲೀಟರ್. ಗಂಟೆಗೆ ನಾಲ್ಕೈದು ಸಲ ಅಷ್ಟೂ ನೀರು ಸುತ್ತಿದ್ರೆ ಸಾಕು, ಅಂದ್ರೆ ಸಾವಿರದ ಇನ್ನೂರು. 1500 ಇದೆಯಲ್ಲ, ಇನ್ನೇನು ಬೇಕು ಅಂತ ತಂದೆ. ಹಾಕಿ ನೋಡಿದ್ರೆ ಫಿಲ್ಟರಿಂದ ಡಿಕಾಕ್ಷನ್ ಇಳಿದ ಹಾಗೆ ಬರ್ತಿದೆ! ಹದಿನೈದು ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿದೆ. ಸಾವಿರದ ಇನ್ನೂರರ ಲೆಕ್ಕಕ್ಕೆ ಮುಕ್ಕಾಲು ನಿಮಿಷದಲ್ಲಿ ತುಂಬಬೇಕಾದ್ದು ಮೂರು ನಿಮಿಷ ತಗೊಳ್ತು.

ಆ ಡಬ್ಬಿ ಲೆಕ್ಕ ಇದೆಯಲ್ಲ ಅಕ್ಕಾ, ಅದು ಪಂಪು ಎತ್ತೋ ಕಷ್ಟವೇ ಇಲ್ಲದೆ ಇದ್ದಲ್ಲೇ ನೀರು ಚೆಲ್ಲಿದಾಗಿನ ಲೆಕ್ಕ. ನಿಮ್ಮ ಮೋಟಾರಿನ ತಗಡಿನ ಮೇಲೆ ಹೆಡ್ ಅಂತ ಬರೆದಿರುತ್ತೆ, ನೋಡಿದ್ದೀರಾ? ಇದಕ್ಕೂ ಇತ್ತು, ಒಂದೂವರೆ ಮೀಟರ್. ಅಷ್ಟೆತ್ತರಕ್ಕೆ ಎತ್ತಿ ಕೊಡುತ್ತೆ ಅಂತ ನಾನು ತಿಳ್ಕೊಂಡಿದ್ದೆ. ಉಲ್ಟಾ! ಅಷ್ಟೆತ್ತರಕ್ಕೆ ಹೋದ್ರೆ ಒಂದು ಹನಿಯೂ ಬರಲ್ಲ ಅಂತ ಅದರ ಅರ್ಥ. ನಮಗೆ ಸಂಪಿನ ನೀರಿನ ಮಟ್ಟದಿಂದ ತೊಟ್ಟಿ ಬಾಯಿಗೆ ಒಂದು ಮೀಟರ್ ಎತ್ತಬೇಕು. ಅಲ್ಲೇ ಮೂರನೇ ಎರಡು ಭಾಗ ಹೋಯ್ತು. ಸಾಲದ್ದಕ್ಕೆ ಪ್ಲಂಬರ್ ಅರ್ಧ ಇಂಚಿನ ಪೈಪಿಗೆ ಐದು ಎಲ್ಬೋ ಕೂರಿಸಿದ್ದ. ಒಂದೊಂದು ತಿರುವಿಗೂ ನೀರು ತಡವರಿಸುತ್ತೆ.

ಆಮೇಲೆ 3000 ಲೀಟರಿಂದು, ಮೂರು ಮೀಟರ್ ಹೆಡ್ಡಿನದು ತಂದೆ. ಡಿಸಿ ಪಂಪು. ಅಡಾಪ್ಟರ್ ಇರುತ್ತೆ, ಫ್ಯಾನಿನ ರೆಗ್ಯುಲೇಟರ್ ಥರ ತಿರುಗಿಸಿ ಜೋರು ನಿಧಾನ ಮಾಡ್ಕೋಬಹುದು. ಮುಂಚಿನದು ಎಸಿ. ಅದಕ್ಕೆ ಒಂದೇ ವೇಗ, ಆದ್ರೆ ಕೆಡೋಕೆ ಅಡಾಪ್ಟರ್, ರೆಗ್ಯುಲೇಟರ್ ಅಂತ ಏನೂ ಇಲ್ಲ. ಗಂಟೆಗೆ ಹತ್ತು ಸಲ ಸುತ್ತಿಸೋ ಶೂರರೂ ಇದ್ದಾರೆ. ನನಗೆ ಬೇಡಪ್ಪ. ಇಳಿಯೋ ಪೈಪು ತಾಳಬೇಕಲ್ಲ? ಅಲೆ ಎಬ್ಬಿಸೋಕೆ ತೊಟ್ಟಿ ಒಳಗೇ ಬೇರೆ ಪುಟ್ಟ ಫ್ಯಾನಿದೆ.

ಆ ಪ್ಲಂಬರ್ ಈ ಸಲ ಚೀಲದಿಂದ ಫಳಫಳ ಹೊಳೆಯೋ ಹಿತ್ತಾಳೆ ವಾಲ್ವ್ ತೆಗೆದ. ಇದಾದ್ರೆ ಲೈಫ್‌ಟೈಮ್ ಮೇಡಂ ಅಂದ. ಹೌದಪ್ಪ, ನಮ್ಮ ಬಸವನಹುಳು, ಸೀಗಡಿಗಳ ಲೈಫ್‌ಟೈಮ್ ಅಲ್ಲಿಗೆ ಮುಗೀತು ಅಂದೆ. ಹಿತ್ತಾಳೆ ಅಂದ್ರೆ ತಾಮ್ರ, ಸತು. ಉಪ್ಪುನೀರು ತಾಮ್ರವನ್ನ ಬಿಡಿಸ್ಕೊಳ್ಳುತ್ತೆ, ಅದು ಚೂರೇ ಚೂರು ಸೇರಿದ್ರೂ ಅವಕ್ಕೆ ವಿಷ. ಎಲ್ಲಾ ಪಿವಿಸಿನೇ ಹಾಕ್ಸಿದೆ. ಮುಕ್ಕಾಲು ಇಂಚು, ಎರಡೇ ಎಲ್ಬೋ, ಮಧ್ಯೆ ಕೈಯಲ್ಲೇ ಬಿಚ್ಚೋ ಒಂದು ಯೂನಿಯನ್. ಇಲ್ದಿದ್ರೆ ಪಂಪು ತೊಳೆಯೋಕೆ ತೆಗೀಬೇಕಾದಾಗೆಲ್ಲ ಪೈಪು ಕುಯ್ಯೋದು, ಮತ್ತೆ ಸೊಲ್ಯೂಷನ್ ಹಚ್ಚೋದು. ಕೆಳಗೆ ಸ್ಪಂಜಿನ ತುಂಡು ಇಟ್ಟು ಪಂಪು ಕೂರಿಸಿದ್ವಿ. ಗಾಜಿಗೆ ತಾಗಿದ್ರೆ ಬೀರು ಪೂರ್ತಿ ತಂಬೂರಿ ಆಗುತ್ತೆ. ಸ್ವಿಚ್ ಹಾಕಿದೆ. ಬುಳಬುಳ ಅಂತ ಎಂಥಾ ನೀರು ಅಂತೀರಿ! ಅವನಿಗೆ ಕಾಫಿ ಕೊಟ್ಟು ಕಳಿಸ್ದೆ.

ಎಡವಿದ್ದೇ ಅಲ್ಲಿ. ಓಡಿಸಿ ನೋಡಿದ್ವಿ, ನಿಲ್ಲಿಸಿ ನೋಡಲಿಲ್ಲ.

ಮೊನ್ನೆ ಹನ್ನೊಂದು ಗಂಟೆಗೆ ಕರೆಂಟ್ ಹೋಯ್ತಲ್ಲ. ಪಂಪು ನಿಂತ್ರೆ ಮೇಲೆ ಹೋಗೋದು ನಿಲ್ಲುತ್ತೆ ನಿಜ, ಆದ್ರೆ ಅದೇ ಪೈಪು ಈಗ ನೀರನ್ನ ಕೆಳಕ್ಕೆ ಎಳೆಯುತ್ತೆ. ಸ್ಕೂಟರಿಂದ ಪೆಟ್ರೋಲ್ ಎಳೀತಾರಲ್ಲ, ಬಾಯಿ ಹಾಕಿ ಒಂದು ಸಲ ಜಗ್ಗಿದ್ರೆ ಸಾಕು, ಮುಂದೆ ತಾನೇ ಬರುತ್ತೆ, ಹಾಗೆ. ಪೈಪಿನ ಮೂತಿ ನೀರಿನೊಳಗೆ ಎಷ್ಟು ಆಳದಲ್ಲಿದೆಯೋ ಅಲ್ಲೀತನಕ ಎಳ್ಕೊಳ್ಳುತ್ತೆ. ನಮ್ಮದು ನಾಲ್ಕಿಂಚು ಒಳಗಿತ್ತು. ಈ ತೊಟ್ಟಿಗೆ ಒಂದಿಂಚು ಅಂದ್ರೆ ಹದಿನಾಲ್ಕು ಲೀಟರ್. ನಾಲ್ಕಿಂಚಿಗೆ ಐವತ್ತಾರು. ಸಂಪಿನಲ್ಲಿ ಖಾಲಿ ಇದ್ದ ಜಾಗ ಇಪ್ಪತ್ತೇ ಲೀಟರಿಗೆ. ಉಳಿದದ್ದನ್ನ ನಮ್ಮತ್ತೆ ಜಮಖಾನ ಕುಡೀತು.

ಆಮೇಲೆ ಕರೆಂಟ್ ಬಂತು. ಪಂಪು ಇದ್ದಬದ್ದ ನೀರನ್ನೆಲ್ಲ ಮೇಲಕ್ಕೆ ಕಳಿಸ್ತು, ನೆಲಕ್ಕೆ ಹೋದದ್ದು ವಾಪಸ್ ಬರುತ್ತಾ? ಅದರ ಅಂಕಣ ಒಣಗಿ, ಬರೀ ಗಾಳಿ ಎಳ್ಕೊಂಡು ಗರ್ರ್ ಅಂತು. ನೀವು ಕೇಳಿದ್ದು ಅದೇ. ನಾನು ಎದ್ದು ಬಂದು ಕತ್ತಲಲ್ಲಿ ಕಾಲಿಟ್ಟರೆ ಮಲ್ಪೆ ದಡದಲ್ಲಿ ನಿಂತ ಹಾಗಾಯ್ತು. ಪುಣ್ಯಕ್ಕೆ ಶಾಕ್ ತಡೆಯೋ ಇಎಲ್‌ಸಿಬಿ ಇದೆ. ವೈರನ್ನೂ ಸಾಕೆಟ್ಟಿಗಿಂತ ಕೆಳಗೆ ಜೋಲುಬಿಟ್ಟು ಮೇಲಕ್ಕೆ ಒಯ್ದಿದ್ದೆ, ಅದರುದ್ದಕ್ಕೂ ಇಳಿದ ನೀರು ಪ್ಲಗ್ಗಿಗೆ ಹೋಗದೆ ಅಲ್ಲೇ ತೊಟ್ಟಿಕ್ಕಲಿ ಅಂತ.

ಇಲ್ಲ ಇಲ್ಲ, ಮೀನಿಗೇನೂ ಆಗಿಲ್ಲ. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆ, ನಿಮ್ಮ ಮೊಮ್ಮಗಳು ನೀಮೋ ಅಂತಾಳಲ್ಲ, ಎರಡೂ ಆರಾಮಾಗಿವೆ. ಸಾಕಿದಲ್ಲೇ ಹುಟ್ಟಿದ ಮರಿಗಳವು, ಕಡಲಿಂದ ಹಿಡಿದವಲ್ಲ. ಹವಳವಾ? ಅಯ್ಯೋ, ಕಲ್ಲುಹವಳ ಮುಟ್ಟೋ ಹಾಗೇ ಇಲ್ಲ. 1972ರ ವನ್ಯಜೀವಿ ಕಾಯ್ದೇಲಿ ಹುಲಿ ಇರೋ ಪಟ್ಟೀಲೇ ಅದೂ ಇದೆ.

ಅಂಗಡಿಯವನು ಒನ್‌ವೇ ವಾಲ್ವ್ ಹಾಕ್ಸಿ ಅಂದ. ನಂಬಲ್ಲ ನಾನು. ಒಂದು ಮರಿ ಬಸವನಹುಳು ಬಂದು ಕೂತ್ರೆ ಅದು ಪೂರ್ತಿ ಮುಚ್ಚಲ್ಲ. ಪೈಪಿನ ಮೂತಿಯನ್ನೇ ಮೇಲೆತ್ತಿ ನೀರಿನ ಮಟ್ಟದಿಂದ ಒಂದಿಂಚು ಮಾತ್ರ ಒಳಗಿಟ್ಟೆ. ಮೇಲ್ಮೈಯಿಂದ ಸ್ವಲ್ಪವೇ ಕೆಳಗೆ ಪೈಪಿಗೊಂದು ತೂತೂ ಕೊರೆಸಿದೆ. ನೀರು ಅಲ್ಲಿಗಿಳಿದ ಕೂಡಲೇ ತೂತು ಗಾಳಿ ಎಳ್ಕೊಂಡು ಗೊರಕ್ ಅನ್ನುತ್ತೆ, ಎಳೆತ ತುಂಡಾಗುತ್ತೆ. ಪಾಚಿ ಕಟ್ಕೊಂಡ್ರೆ ಅದೂ ವೇಸ್ಟು, ಅದಕ್ಕೇ ಶುಕ್ರವಾರ ದೇವರ ಪಾತ್ರೆ ತಿಕ್ಕುವಾಗ ಹಳೇ ಟೂತ್‌ಬ್ರಷ್ಷಲ್ಲಿ ಅದನ್ನೂ ತಿಕ್ತೀನಿ. ನಿನ್ನೆ ಐದು ಸಲ ಸ್ವಿಚ್ ಆರಿಸಿ ನೋಡಿದೆ. ನೀರೆಲ್ಲ ಇಳಿದ ಮೇಲೂ ಸಂಪಿನಲ್ಲಿ ನಾಲ್ಕು ಬೆರಳು ಜಾಗ ಇತ್ತು. ಓಡುವಾಗ ನೀರು ಇದಕ್ಕಿಂತ ಮೇಲಿರಬಾರದು ಅಂತ ಗಾಜಿಗೆ ಟೇಪು ಅಂಟಿಸಿದ್ದೀನಿ. ಇನ್ವರ್ಟರ್ರಾ? ಇದೆ, ಅದು ತೊಟ್ಟಿ ಒಳಗಿನ ಫ್ಯಾನಿಗೆ. ನೀರು ಕದಡದಿದ್ರೆ ಮೀನಿಗೆ ಉಸಿರು ಕಟ್ಟುತ್ತೆ.

ಇನ್ನು ತೊಳೆಯೋದು. ನಿಮ್ಮ ಗೀಸರ್ ಕಾಯಿಲಿಗೆ ಬೋರ್ ನೀರಲ್ಲಿ ಬಿಳೀ ಗಾರೆ ಕಟ್ಟುತ್ತಲ್ಲ, ಅದೇ ಗಾರೆ ಈ ಪಂಪಿನ ಚಕ್ರಕ್ಕೂ ಕಟ್ಟುತ್ತೆ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ವಿನೆಗರ್ ಬೆರೆಸಿದ ನೀರಲ್ಲಿ ನೆನೆಹಾಕಿದ್ರೆ ನೊರೆ ನೊರೆಯಾಗಿ ಬಿಡುತ್ತೆ. ಚಕ್ರದ ನಡುವೆ ಒಂದು ಪಿಂಗಾಣಿ ಕಡ್ಡಿ ಇರುತ್ತೆ, ಅದೊಂದು ಜೋಪಾನ, ಬಳಪದ ಹಾಗೆ ಲಟಕ್ ಅಂತ ಮುರಿಯುತ್ತೆ. ದಿನಾ ಆವಿಯಾಗಿ ಕಮ್ಮಿಯಾದಷ್ಟಕ್ಕೆ ಆರ್‌ಒ ಸಿಹಿನೀರು ಹೊಯ್ತೀನಿ. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತೆ. ನಮ್ಮನೆಯವರು ಒಂದಿನ ಭಾರೀ ಸಹಾಯ ಮಾಡೋಕೆ ಹೋಗಿ...

ತಡೀರಿ, ಅದೇನು ಸದ್ದು? ಮಳೇನಾ? ಅಕ್ಕಾ, ನಿಮ್ಮ ತಾರಸಿ ನೋಡಿ! ಟ್ಯಾಂಕು ತುಂಬಿ ಸುರೀತಿದೆ, ಓಡಿ, ಓಡಿ, ಮೋಟಾರು ಆರಿಸಿ!