ದ್ವಿತೀಯ ಡಿಸ್ಕ್ ಮೀಮಾಂಸೆ

ಕಡತಗಳ ಪ್ರತಿ ಇಡಲು ಕಂಪ್ಯೂಟರಿಗೆ ಎರಡನೆಯ ಹಾರ್ಡ್ ಡಿಸ್ಕ್ ಬೇಕೆ ಎಂಬುದು ಇಲ್ಲಿ ವಿಚಾರ್ಯ ವಿಷಯ. ಬೇಡವೆಂಬುದು ಪೂರ್ವಪಕ್ಷ. ಈ ಪಕ್ಷದ ಆಚಾರ್ಯರು ಮೈಸೂರಿನ ಕುವೆಂಪುನಗರದಿಂದ ಗೋಕುಲಂವರೆಗೆ ಹೇರಳವಾಗಿದ್ದಾರೆ. 'ಇರೋದೇ ಚೆನ್ನಾಗಿ ಓಡ್ತಿದೆಯಲ್ಲ, ಸುಮ್ನೆ ದುಡ್ಡು ದಂಡ' ಎಂಬುದೇ ಅವರಿಗಿರುವ ಏಕೈಕ ಪ್ರಮಾಣ.

ಬೇಕೆಂಬ ಸಿದ್ಧಾಂತಕ್ಕೆ ಇತಿಹಾಸವೇ ಸಾಕ್ಷಿ. 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ, ಮೈಸೂರಿನ ಮರದ ಅರಮನೆಗೆ ಬೆಂಕಿ ಬಿತ್ತು. ಇತಿಹಾಸಕಾರರು ಇದನ್ನು ಅಗ್ನಿದುರಂತ ಎನ್ನುತ್ತಾರೆ; ನಮ್ಮ ಶಾಸ್ತ್ರದಲ್ಲಿ ಇದು ಪ್ರೈಮರಿ ಡಿಸ್ಕ್ ಫೇಲ್ಯೂರ್. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲೇ ಜಗನ್ಮೋಹನ ಅರಮನೆ ಕಟ್ಟಿಸಿದ್ದರಿಂದ ರಾಜಪರಿವಾರ ಅಲ್ಲಿಗೆ ಹೋಯಿತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ರಾಜ್ಯಾಧಿಕಾರ ವಹಿಸಿಕೊಂಡದ್ದೂ ಅಲ್ಲೇ. ಹೊಸ ಅರಮನೆ ಮುಗಿದದ್ದು 1912ಕ್ಕೆ. ಅಂದರೆ ರಿಸ್ಟೋರ್ ಮುಗಿಯಲು ಹದಿನೈದು ವರ್ಷ! ಶೇಕಡಾವಾರು ಪಟ್ಟಿ ನಿಧಾನವೆಂದು ಗೊಣಗುವವರು ಗಮನಿಸಬೇಕು.

ಇನ್ನು ಪ್ರಯೋಗಕಾಂಡ. ಕ್ಯಾಬಿನೆಟ್ ಬಿಚ್ಚಿ, ಧೂಳು ಊದಿ, ಸೀನಿ, ಡಿಸ್ಕಿನಿಂದ ಮದರ್‌ಬೋರ್ಡಿಗೆ ಸಾಟಾ ಕೇಬಲ್ ಚುಚ್ಚಬೇಕು; ಕರೆಂಟು ಎಸ್‌ಎಂಪಿಎಸ್‌ನಿಂದ. ಆನ್ ಮಾಡಿದರೆ ಹೊಸ ಡಿಸ್ಕ್ ಕಾಣಿಸುವುದಿಲ್ಲ. ಈ ಘಟ್ಟದಲ್ಲಿ ಅಂಗಡಿಯವನನ್ನು ಬಯ್ಯುವುದು ಸಂಪ್ರದಾಯವಾದರೂ ಶಾಸ್ತ್ರಸಮ್ಮತವಲ್ಲ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಇನಿಶಿಯಲೈಸ್ ಎಂಬ ಉಪನಯನ ಮಾಡಿಸಬೇಕು. 2 ಟಿಬಿ ಮೀರಿದ ವಟುವಿಗೆ ಎಂಬಿಆರ್ ವಿಭಜನಾ ಪದ್ಧತಿ ಸಾಲದು, ಜಿಪಿಟಿಯೇ ಗತಿ. ಆಮೇಲೆ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್. ಇಲ್ಲಿ ಹೊಸದು ಯಾವುದು, ಹಳೆಯದು ಯಾವುದು ಎಂಬ ವಿವೇಕ ತಪ್ಪಿದರೆ ಮುಂದಿನ ಅಧ್ಯಾಯಗಳನ್ನು ಓದುವ ಅಗತ್ಯವಿಲ್ಲ. ಕೊನೆಗೆ ಫೈಲ್ ಹಿಸ್ಟರಿ ಆನ್ ಮಾಡಿದರೆ, ಬದಲಾದ ಕಡತಗಳ ಪ್ರತಿಯನ್ನು ತಾನಾಗಿಯೇ ಗಂಟೆಗೊಮ್ಮೆ ತೆಗೆದಿಡುತ್ತದೆ.

ಎರಡು ಪಾಷಂಡ ಮತಗಳ ಖಂಡನೆ ಬಾಕಿ ಇದೆ. ಒಂದೇ ಡಿಸ್ಕನ್ನು ಸಿ, ಡಿ ಎಂದು ಸೀಳಿ ಡಿಯಲ್ಲಿ ಪ್ರತಿ ಇಡುವವರು ಅದ್ವೈತಿಗಳು: ಹೋದರೆ ಎರಡೂ ಒಟ್ಟಿಗೇ. ಎರಡೂ ಡಿಸ್ಕಿಗೆ ಒಟ್ಟಿಗೇ ಬರೆಯುವ ರೇಡ್ ಮಿರರ್ ನಂಬಿದವರ ಮನೆಯಲ್ಲಿ ಮೊಮ್ಮಗ ಮದುವೆಯ ಫೋಟೋ ಅಳಿಸಿದರೆ, ಬಿಂಬದ ಜತೆ ಪ್ರತಿಬಿಂಬವೂ ಆ ಕ್ಷಣವೇ ಮಾಯ.

ಸೂಕ್ಷ್ಮಮತಿಗಳು ಕೇಳಬಹುದು: ಒಂದೇ ಕ್ಯಾಬಿನೆಟ್ಟಿನೊಳಗೆ ಎರಡು ಡಿಸ್ಕ್ ಇದ್ದು, ಸಿಡಿಲು ಬಡಿದರೆ? ಪ್ರಶ್ನೆ ಸಾಧು. ಜಗನ್ಮೋಹನ ಬೇರೆ ಕಟ್ಟಡವಾಗಿದ್ದರಿಂದಲೇ ಉಳಿಯಿತು. ಆದ್ದರಿಂದ ಯುಎಸ್‌ಬಿ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಮಾಡಿ ಸರಸ್ವತಿಪುರದ ತಂಗಿಯ ಮನೆ ಬೀರುವಿನಲ್ಲಿಡಿ. ತಿಂಗಳಿಗೊಮ್ಮೆ ಕಾಫಿಗೆ ಹೋದಾಗ ಅದನ್ನು ಹೊರತೆಗೆದು, ಒಂದೆರಡು ಫೈಲು ತೆರೆದು ನೋಡಿ.